ಇನ್ನೊಂದ್ ಸ್ವಲ್ಪ ದಿನ ತಡೀರಿ...

ಮೊನ್ನೆ ಶನಿವಾರ ಬೆಳಿಗ್ಗೆ, ಮೊದಲನೇ ಕಾಫಿ ಇನ್ನೂ ಮುಗಿದಿರಲಿಲ್ಲ, ನಮ್ಮ ದಾವಣಗೆರೆ ಗೆಳೆಯನ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀಯ ಅಂತಿಲ್ಲ, ನೇರ ವಿಷಯಕ್ಕೇ ಬಂದ.

'ಲೇ, ಮಿನಿ ತಗಳ್ಳಾ? ಇಲ್ಲಾ ಮುಂದಿಂದು ಬರೋತಂಕ ಕಾಯ್ಲಾ?'

ಮಿನಿ ಅಂದರೆ ಕಾರೂ ಅಲ್ಲ, ಸ್ಕರ್ಟೂ ಅಲ್ಲ (ಹಾಗಂದುಕೊಂಡು ಓದೋಕೆ ಕೂತವರು ಕ್ಷಮಿಸಬೇಕು!). ಮ್ಯಾಕ್ ಮಿನಿ - ಆಪಲ್‌ನವರ ಪುಟಾಣಿ ಡೆಸ್ಕ್‌ಟಾಪು. ಈ ಪ್ರಶ್ನೆಗೆ ಉತ್ತರ ಹೇಳೋದಕ್ಕೆ ನನ್ನಷ್ಟು ಅನುಭವ ಇರೋರು ಈ ನ್ಯೂಜೆರ್ಸಿಯಲ್ಲಿ ಇನ್ನೊಬ್ಬರು ಸಿಗೋದು ಕಷ್ಟ. ಇಪ್ಪತ್ತು ವರ್ಷದಿಂದ ನಾನು ಮಾಡಿಕೊಂಡು ಬಂದಿರೋದೇ ಆ ಕೆಲಸ: ಕಾಯೋದು, ಬಂದಿದ್ದನ್ನ ನೋಡಿ 'ಅಯ್ಯೋ, ಇಷ್ಟೇನಾ' ಅನ್ನೋದು, ಮತ್ತೆ ಕಾಯೋದು. ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಯೋ ಮನೆಯಲ್ಲಿ ಹುಟ್ಟಿದವನಿಗೆ ಇದು ರಕ್ತದಲ್ಲೇ ಬಂದಿರಬೇಕು. ಚೀಲ ಅಟ್ಟದ ಮೇಲಿಟ್ಟು ರಾಶಿಗೆ ರೇಟು ಬರಲಿ, ಬೆಟ್ಟೆಗೆ ರೇಟು ಬರಲಿ ಅಂತ ದಿನಾ ಪೇಪರ್ ನೋಡ್ತಾ ಕೂರೋ ಜನ ನಾವು.

ಗೆಳೆಯನಿಗೆ 'ಸಂಜೆ ಹೇಳ್ತೀನಿ' ಅಂತ ಫೋನಿಟ್ಟು ಬೇಸ್‌ಮೆಂಟಿಗೆ ಇಳಿದೆ. ಹಳೇ ಮಿನಿ ಅಲ್ಲೇ ಎಲ್ಲೋ ಇರಬೇಕಲ್ಲ, ಇನ್ನೂ ಜೀವ ಇದೆಯಾ ನೋಡೋಣ ಅನ್ನಿಸಿತು.

*

ಮೊದಲನೇ ಮಿನಿ ಬಂದಿದ್ದು 2005ರ ಜನವರಿ 11ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ವೇದಿಕೆ ಮೇಲೆ ಸ್ಟೀವ್ ಜಾಬ್ಸ್ ಅಂಗೈಯಲ್ಲಿ ಹಿಡಿದು ತೋರಿಸಿದರು. ಅಲ್ಲಿ ಬೆಳಿಗ್ಗೆ ಒಂಬತ್ತಾದರೆ ನಮಗಿಲ್ಲಿ ಮಧ್ಯಾಹ್ನ ಹನ್ನೆರಡು. ಆಫೀಸಿನಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಟ್ಟುಕೊಂಡು ಒಂದೊಂದೇ ಸಾಲು ಬರೋದನ್ನ ಓದ್ತಾ ಕೂತಿದ್ದೆ. ಆರೂವರೆ ಇಂಚು ಉದ್ದ, ಅಷ್ಟೇ ಅಗಲ, ಎರಡಿಂಚು ಎತ್ತರ. ಬೆಲೆ 499 ಡಾಲರ್. ಕೀಬೋರ್ಡು, ಮೌಸು, ಮಾನಿಟರ್ ಯಾವುದೂ ಇಲ್ಲ, ಅವನ್ನೆಲ್ಲ ನೀವೇ ತಂದುಕೊಳ್ಳಿ ಅನ್ನೋ ಲೆಕ್ಕಾಚಾರ. ಒಳಗೆ 1.25 ಗಿಗಾಹರ್ಟ್ಸ್‌ನ ಪವರ್‌ಪಿಸಿ ಜಿ4, 256 ಎಂಬಿ ಮೆಮೊರಿ, 40 ಜಿಬಿ ಡಿಸ್ಕು. ಮುಚ್ಚಳ ತೆಗೆಯೋದಕ್ಕೆ ಒಂದು ಸ್ಕ್ರೂ ಕೂಡಾ ಹೊರಗೆ ಕಾಣೋಲ್ಲ. ಗೋಡೆಗೆ ಪುಟ್ಟಿ ಬಳಿಯೋ ತೆಳು ಚಾಕುವನ್ನ ಸಂದಿಗೆ ತೂರಿಸಿ ಎಬ್ಬಬೇಕು. ಅಷ್ಟು ದುಡ್ಡಿಗೆ ಮ್ಯಾಕು ಸಿಗುತ್ತೆ ಅನ್ನೋದೇ ಆಗ ದೊಡ್ಡ ಸುದ್ದಿ.

ನಾನು ತಗೊಂಡೆನಾ? ಇಲ್ಲ. 'ಮೊದಲನೇದು ಯಾವತ್ತೂ ತಗೋಬಾರದು, ಸ್ವಲ್ಪ ಮಾಗಲಿ' ಅಂತ ಹೆಂಡತಿಗೆ ದೊಡ್ಡ ತಿಳಿದವನ ಹಾಗೆ ಹೇಳಿದೆ. ಜೂನ್‌ನಲ್ಲಿ ಅದೇ ಜಾಬ್ಸ್ ವೇದಿಕೆ ಹತ್ತಿ, ಇನ್ನು ಮುಂದೆ ಮ್ಯಾಕ್‌ಗಳೆಲ್ಲ ಇಂಟೆಲ್ ಪ್ರಾಸೆಸರಿಗೆ ಹೋಗ್ತಾವೆ ಅಂದುಬಿಟ್ಟರು. ನೋಡಿದ್ಯಾ, ಕಾದಿದ್ದು ಒಳ್ಳೇದಾಯ್ತು ಅಂತ ಮನೆಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ.

ಇಂಟೆಲ್ ಮಿನಿ ಬಂತು, 2006ರ ಫೆಬ್ರವರಿ 28ಕ್ಕೆ. 499 ಇದ್ದಿದ್ದು 599 ಆಗಿತ್ತು. ಬೇರೆ ಗ್ರಾಫಿಕ್ಸ್ ಚಿಪ್ ತೆಗೆದು, ಇರೋ ಮೆಮೊರಿಯಲ್ಲೇ ಪಾಲು ಕೇಳೋ ಇಂಟೆಲ್‌ನದೇ ಗ್ರಾಫಿಕ್ಸ್ ಹಾಕಿದ್ದರು. ಎರಡು ಕೋರ್ ಇರೋದು ಬೇಕಂದರೆ 799. ಒಂದು ತಿಂಗಳು ಮುಖ ಊದಿಸಿಕೊಂಡಿದ್ದೆ, ಇನ್ನೊಂದು ತಿಂಗಳು ಯೋಚನೆ ಮಾಡಿದೆ, ಕೊನೆಗೆ ಜುಲೈನಲ್ಲಿ 799 ಕೊಟ್ಟು 1.66ರ ಕೋರ್ ಡುಯೋ ತಂದೆ. ಸೆಪ್ಟೆಂಬರ್‌ನಲ್ಲಿ ಅದೇ 1.66 ಕೋರ್ ಡುಯೋ 599ಕ್ಕೆ ಇಳಿಯಿತು! (ಡಿವಿಡಿ ಬರೆಯೋದು ಅದರಲ್ಲಿರಲಿಲ್ಲ ಅನ್ನೋದೊಂದು ಸಮಾಧಾನ.) ಅಡಿಕೆ ಮಾರಿದ ವಾರಕ್ಕೆ ರೇಟು ಏರೋದನ್ನ ಚಿಕ್ಕಂದಿನಿಂದ ನೋಡಿದ್ದೆ, ಕೊಂಡಮೇಲೆ ಇಳಿಯೋದನ್ನ ಆವತ್ತು ಕಲಿತೆ.

ಮಾರನೇ ವರ್ಷ, 2007ರ ಆಗಸ್ಟ್ 7ಕ್ಕೆ, ಕೋರ್ 2 ಡುಯೋ ಇರೋ ಮಿನಿ ಬಂತು. ನಡುವೆ ಒಂದು '2' ಸೇರಿದೆ ಅಷ್ಟೇ ತಾನೇ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆ ಎರಡರ ವಿಷಯಕ್ಕೆ ಆಮೇಲೆ ಬರ್ತೀನಿ.

*

2008ರ ಏಪ್ರಿಲ್‌ನಲ್ಲಿ ಅಪ್ಪಯ್ಯ, ಅಮ್ಮ ಬಂದರು. ಅಪ್ಪಯ್ಯ ಮೂರೆಕರೆ ತೋಟ ಚಿಕ್ಕಪ್ಪನ ಕೈಗೊಪ್ಪಿಸಿ ಬಂದಿದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸೋ ಹೊತ್ತಿಗೆ ತಾವು ಅಲ್ಲಿರೋಲ್ಲ ಅನ್ನೋ ಚಿಂತೆ ಅವರಿಗೆ ವಿಮಾನ ಹತ್ತೋ ಮುಂಚೆಯೇ ಶುರುವಾಗಿತ್ತು. ಎಡಿಸನ್ನಿನಲ್ಲಿ ಇರೋ ಕಾರಣಕ್ಕೆ ಓಕ್ ಟ್ರೀ ರೋಡಿನಲ್ಲಿ ವೀಳ್ಯದೆಲೆ ಸಿಕ್ಕಿತು, ಅಡಿಕೆ ಅವರೇ ತಂದಿದ್ದರು. ಬಾಕಿ ಉಳಿದಿದ್ದು ಪೇಪರ್ ಒಂದೇ.

ಹಾಲ್‌ನಲ್ಲಿ ಟಿವಿಗೆ ಜೋಡಿಸಿಟ್ಟಿದ್ದ ಮಿನಿಯನ್ನ ಮೊದಲನೇ ದಿನವೇ ಎತ್ತಿ, ತಿರುಗಿಸಿ, ಕೆಳಗಡೆ ಎಲ್ಲಾ ನೋಡಿದರು.

'ಎಂತಾ ಮಾರಾಯ ಇದು, ಎಲೆಅಡಿಕೆ ಪೆಟ್ಟಿಗೆ ಇದ್ದಂಗೆ ಇದ್ಯಲ!'

ಅದರ ಜೊತೆ ಬಂದಿದ್ದ ಆರು ಗುಂಡಿಯ ಬಿಳೀ ರಿಮೋಟು ಅವರಿಗೆ ಬಹಳ ಹಿಡಿಸಿತು. ತುಂಗಾನದಿ, ರಾಮೇಶ್ವರ ದೇವಸ್ಥಾನ, ನಮ್ಮ ತೋಟದ ಫೋಟೋಗಳನ್ನ ಟಿವಿಯಲ್ಲಿ ಒಂದಾದಮೇಲೊಂದು ಹಾಕಿಕೊಂಡು ಅಮ್ಮನಿಗೆ ವಿವರಣೆ ಕೊಡ್ತಿದ್ದರು, ಅಮ್ಮ ಏನೋ ಅದನ್ನೆಲ್ಲ ನೋಡೇ ಇಲ್ಲವೇನೋ ಅನ್ನೋ ಹಾಗೆ. ನಾಲ್ಕನೇ ದಿನ ಕೇಳಿದರು, 'ಇದ್ರಲ್ಲಿ ಪೇಪರ್ ಬರ್ತದಂತಲ, ಕನ್ನಡದ್ದು?'

ಹಾಕಿಕೊಟ್ಟೆ. ಪರದೆ ತುಂಬಾ ಚೌಕಗಳು.

ಸುಮ್ಮನೆ ಖಾಲಿ ಚೌಕ ಅಲ್ಲ. ಆಗಿನ ಮ್ಯಾಕ್‌ಗಳಲ್ಲಿ ಒಂದು ಕಟ್ಟಕಡೆಯ ಫಾಂಟು ಇರ್ತಿತ್ತು. ಯಾವ ಲಿಪಿಗೆ ಫಾಂಟು ಇಲ್ಲವೋ ಆ ಲಿಪಿಯ ಒಂದು ಮಾದರಿ ಅಕ್ಷರವನ್ನ ಚೌಕದೊಳಗೆ ಬರೆದು ತೋರಿಸೋದು ಅದರ ಕೆಲಸ. ಹಾಗಾಗಿ ಕನ್ನಡದ ಪುಟ ತೆಗೆದರೆ ಮೇಲಿಂದ ಕೆಳಗಿನವರೆಗೂ ಅದೇ ಒಂದಕ್ಷರ, ಚೌಕದ ಪಕ್ಕ ಚೌಕ. ನಾಲ್ಕಕ್ಷರದ 'ತೀರ್ಥಹಳ್ಳಿ'ಗೆ ಹತ್ತು ಚೌಕ. ಯಾಕಂದರೆ ಯೂನಿಕೋಡಿನಲ್ಲಿ ದೀರ್ಘ, ಗುಡಿಸು, ಒತ್ತು ಕೊಡೋ ವಿರಾಮ ಎಲ್ಲವೂ ಬೇರೆಬೇರೆ ಸಂಕೇತಗಳು. 'ಸ್ತ್ರೀ' ಅನ್ನೋ ಒಂದಕ್ಷರದ ಹಿಂದೆ ಆರು ಸಂಕೇತಗಳಿದ್ದಾವೆ. ಅವನ್ನ ಒಟ್ಟುಗೂಡಿಸಿ, ಎಲ್ಲಿ ಮೇಲೆ ಹೋಗಬೇಕು ಎಲ್ಲಿ ಕೆಳಗೆ ಬರಬೇಕು ಅಂತ ಕೂರಿಸೋ ಕೆಲಸವನ್ನ ವಿಂಡೋಸ್ ಎಕ್ಸ್‌ಪಿ ಆಗಲೇ ಮಾಡ್ತಿತ್ತು, ತುಂಗಾ ಅನ್ನೋ ಫಾಂಟು ಅದರ ಜೊತೆಗೇ ಬರ್ತಿತ್ತು. ನಾವೆಲ್ಲ ಬರಹ, ನುಡಿ ಅಂತ ಬರೀತಿದ್ದಿದ್ದೂ ವಿಂಡೋಸಿನಲ್ಲೇ. ಮ್ಯಾಕ್‌ನಲ್ಲಿ ದೇವನಾಗರಿ ಇತ್ತು, ಗುಜರಾತಿ ಇತ್ತು, ಗುರುಮುಖಿ ಇತ್ತು, ತಮಿಳೂ ಬಂದಿತ್ತು. ಕನ್ನಡ ಮಾತ್ರ ಸರದಿಯಲ್ಲಿ ನಿಂತಿತ್ತು. ಅಂದರೆ ಇದು ಕನ್ನಡ ಅಂತ ಆ ಪೆಟ್ಟಿಗೆಗೆ ಗೊತ್ತು, ಓದೋಕೆ ಮಾತ್ರ ಬರೋಲ್ಲ. (ನಮ್ಮಲ್ಲಿ ಎಷ್ಟೋ ಜನರ ಮಕ್ಕಳ ಹಾಗೆ ಅನ್ನಬೇಡಿ, ನನ್ನ ಮಗಳು ಇದನ್ನ ಓದಿಸಿಕೊಂಡು ಕೇಳ್ತಾಳೆ.)

'ಬರುತ್ತೆ ಅಪ್ಪಯ್ಯ, ಇನ್ನೊಂದ್ ಸ್ವಲ್ಪ ದಿನ ತಡೀರಿ' ಅಂದೆ. 'ಹೊಸ ಮಿನಿ ಬರೋದಿದೆ, ಹೊಸ ಸಿಸ್ಟಂ ಬರೋದಿದೆ. ಅದರಲ್ಲಿ ಸರಿಹೋಗುತ್ತೆ.'

ಈಗ ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ಇಂಟೆಲ್ ಮಿನಿಯಲ್ಲಿ ವಿಂಡೋಸ್ ಹಾಕೋ ದಾರಿ 2006ರಲ್ಲೇ ತೆರೆದಿತ್ತು. ಒಂದು ಎಕ್ಸ್‌ಪಿ ಸಿ.ಡಿ., ಒಂದು ಶನಿವಾರ ಮಧ್ಯಾಹ್ನ, ಅಷ್ಟು ಸಾಕಿತ್ತು. ಹೊರಗಿನವರು ಮಾಡಿದ ಫಾಂಟು ಹಾಕಿಕೊಳ್ಳಬಹುದು ಅಂತಲೂ ಕೇಳಿದ್ದೆ. ನಾನು ಮಾಡಲಿಲ್ಲ. 'ಇದಕ್ಕೆ ವಿಂಡೋಸ್ ಹಾಕೋದಾ, ಛೆ' ಅನ್ನೋ ಹಠ, ಜೊತೆಗೆ ಹೊಸದು ಇನ್ನೇನು ಬಂದೇಬಿಡುತ್ತೆ ಅನ್ನೋ ನಂಬಿಕೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೆನ್ನಾಗೇ ಕಾಣ್ತಿತ್ತು, ಆದರೆ ಅದು ಬೆಳಿಗ್ಗೆ ಎಂಟಕ್ಕೆ ನನ್ನ ಜೊತೆ ಮನೆಯಿಂದ ಹೊರಟರೆ ಸಂಜೆ ಏಳಕ್ಕೆ ವಾಪಸ್ಸು. ಅಪ್ಪಯ್ಯನಿಗೆ ಹೊತ್ತು ಹೋಗದೆ ಇದ್ದಿದ್ದು ಆ ಹನ್ನೊಂದು ಗಂಟೆಯಲ್ಲೇ.

ಅದಕ್ಕೊಂದು ತೇಪೆ ಹಾಕಿದೆ. ದಿನಾ ಮಧ್ಯಾಹ್ನ ಆಫೀಸಿನ ಪ್ರಿಂಟರಿನಲ್ಲಿ ಕನ್ನಡ ಸುದ್ದಿ ಎರಡು ಹಾಳೆ ಮುದ್ರಿಸಿ ಮಡಚಿ ಜೇಬಿಗೆ ಹಾಕಿಕೊಂಡು ಬರೋದು. ಸಂಜೆ ಕಾರು ನಿಲ್ಲಿಸೋ ಹೊತ್ತಿಗೆ ಅಪ್ಪಯ್ಯ ಬಾಗಿಲಲ್ಲಿ ನಿಂತಿರ್ತಿದ್ದರು. ನನ್ನ ಮುಖ ನೋಡೋಕೆ ಅಂತ ನಾನಂದುಕೊಂಡಿದ್ದೆ. ಕಣ್ಣು ಜೇಬಿನ ಮೇಲಿರ್ತಿತ್ತು.

ಮಿನಿ ಬರಲಿಲ್ಲ. ಜೂನ್‌ನಲ್ಲಿ ಐಫೋನ್ ಬಂತು. ಸೆಪ್ಟೆಂಬರ್‌ನಲ್ಲಿ ಐಪಾಡ್‌ಗಳು ಬಂದವು. ಮಿನಿಯನ್ನ ನಿಲ್ಲಿಸಿಬಿಡ್ತಾರಂತೆ ಅನ್ನೋ ಗಾಳಿಸುದ್ದಿ ಬೇರೆ. ಪ್ರತೀ ಸಲ ನಾನು 'ಈ ಸಲ ಖಂಡಿತ' ಅನ್ನೋದು, ಮಧ್ಯಾಹ್ನ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಫೋನ್ ಮಾಡೋದು. ಸೆಪ್ಟೆಂಬರ್‌ನ ಅಂಥಾ ಒಂದು ಸಂಜೆ ಅಪ್ಪಯ್ಯ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

'ಅಲ್ಲ ಮಾರಾಯ, ಅಡಿಕೆ ಇಟ್ಕಂಡು ಕಾಯೋನಿಗೆ ಅಟ್ಟದ ಮೇಲೆ ಚೀಲ ಆದ್ರೂ ಇರ್ತದೆ. ನೀನು ಎಂತ ಇಟ್ಕಂಡು ಕಾಯ್ತಿದ್ದೆ?'

ನಾನು ನಕ್ಕೆ. ಅವರು ನಗಲಿಲ್ಲ, ಎಲೆ ಬಾಯಿಗೆ ಹಾಕಿಕೊಂಡು ಎದ್ದು ಹೋದರು. ಆ ತಿಂಗಳ ಕೊನೆಗೆ ಊರಿಗೆ ಹೊರಟರು. ಕೊನೆ ತೆಗೆಯೋ ಕಾಲ ಬರ್ತಿತ್ತು, ಅವರನ್ನ ತಡೆಯೋದು ಸಾಧ್ಯವೇ ಇರಲಿಲ್ಲ.

ಅಕ್ಟೋಬರ್ 14ಕ್ಕೆ ಅಲ್ಯುಮಿನಿಯಂ ಲ್ಯಾಪ್‌ಟಾಪುಗಳು ಬಂದವು, ಮಿನಿ ಇಲ್ಲ. 2009ರ ಜನವರಿಯ ಮ್ಯಾಕ್‌ವರ್ಲ್ಡ್‌ನಲ್ಲಿ ಜಾಬ್ಸ್ ಬದಲು ಫಿಲ್ ಶಿಲ್ಲರ್ ಮಾತಾಡಿದರು, ಮಿನಿ ಇಲ್ಲ. ಕೊನೆಗೂ ಮಾರ್ಚ್ 3ಕ್ಕೆ ಬಂತು, ಹಿಂದಿನದಾಗಿ 574 ದಿನ ಆದಮೇಲೆ. ವೇದಿಕೆಯೂ ಇಲ್ಲ, ಚಪ್ಪಾಳೆಯೂ ಇಲ್ಲ, ಒಂದು ಪತ್ರಿಕಾ ಪ್ರಕಟಣೆ. ಅದೇ ಡಬ್ಬಿ, ಅದೇ 599, ಒಳಗೆ ಎನ್‌ವಿಡಿಯಾ ಗ್ರಾಫಿಕ್ಸು, ಹಿಂದುಗಡೆ ಐದು ಯು.ಎಸ್.ಬಿ. ತೂತುಗಳು. ಕನ್ನಡ ಇಲ್ಲ. 2010ರ ಜೂನ್‌ನಲ್ಲಿ ಅಲ್ಯುಮಿನಿಯಂ ತಟ್ಟೆಯ ಹಾಗೆ ಚಪ್ಪಟೆಯಾಗಿ ಬಂತು, ಒಂದೂವರೆ ಇಂಚೂ ಎತ್ತರ ಇಲ್ಲ, ನೋಡೋಕೆ ನಿಜಕ್ಕೂ ಚೆಂದ. ಬೆಲೆ 699 ಅಂತ ನೋಡಿ ಸುಮ್ಮನಾದೆ. ಅದರಲ್ಲೂ ಕನ್ನಡ ಇಲ್ಲ.

*

ಕನ್ನಡ ಬಂದಿದ್ದು 2011ರ ಜುಲೈ 20ಕ್ಕೆ, ಲಯನ್ ಅನ್ನೋ ಸಿಸ್ಟಂ ಜೊತೆ. ತಮಾಷೆ ಅಂದರೆ ಅದೇ ದಿನ ಹೊಸ ಮಿನಿಯೂ ಬಂತು. ನಾನು ನೋಡಿದ್ದು ಮಿನಿಯನ್ನ ಮಾತ್ರ. ಡಿವಿಡಿ ಹಾಕೋ ಜಾಗವನ್ನೇ ತೆಗೆದುಹಾಕಿದ್ದಾರೆ ಅಂತ ಗೊತ್ತಾಗಿ ಸಿಟ್ಟು ಬಂತು. ಕಪಾಟಿನಲ್ಲಿ ಇಡೀ ಒಂದು ಸಾಲು ರಾಜಕುಮಾರ್ ಡಿವಿಡಿಗಳಿದ್ದವಲ್ಲ! ಲಯನ್‌ನಲ್ಲಿ 250ಕ್ಕೂ ಹೆಚ್ಚು ಹೊಸ ಸೌಲಭ್ಯ ಇದಾವೆ ಅಂತ ಅವರು ಹೇಳಿಕೊಂಡಿದ್ದರು. ಆ ಗದ್ದಲದಲ್ಲಿ ಕನ್ನಡದ ಫಾಂಟು ಸೇರಿಸಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಗೊತ್ತಾಗಿದ್ದು ಆಗಸ್ಟ್‌ನಲ್ಲಿ, ಮಾಲ್‌ನ ಅಂಗಡಿಯಲ್ಲಿ. ಹೆಂಡತಿ ಚಪ್ಪಲಿ ನೋಡೋಕೆ ಹೋಗಿದ್ದಳು, ನಾನು ಹೊತ್ತು ಕಳೆಯೋಕೆ ಅಂತ ಅಲ್ಲಿಟ್ಟಿದ್ದ ಮಿನಿಯ ಮುಂದೆ ನಿಂತು, ಅಭ್ಯಾಸಬಲದಿಂದ ಒಂದು ಕನ್ನಡದ ಪುಟ ತೆಗೆದೆ. ತಲೆಬರಹ, ಸಾಲುಗಳು, ಒತ್ತಕ್ಷರಗಳು ಎಲ್ಲ ಇದ್ದವು. ಒತ್ತುಗಳು ಕೆಲವು ಕಡೆ ಒಂಚೂರು ಒರಟಾಗಿ ಕೂತಿದ್ದವು ಅನ್ನಿಸಿತು, ಅದನ್ನ ನೋಡೋ ಸ್ಥಿತಿಯಲ್ಲಿ ನಾನಿರಲಿಲ್ಲ. ಪಕ್ಕದಲ್ಲಿದ್ದ ಅಂಗಡಿ ಹುಡುಗ ಏನಾದರೂ ಬೇಕಿತ್ತಾ ಅಂದ. ನನ್ನ ಭಾಷೆ ಕಾಣ್ತಿದೆ ಅಂದೆ. ಅವನು ಪಾಪ, ಒಳ್ಳೇದಾಯ್ತು ಅಂದ.

ಮನೆಗೆ ಬಂದು ಹಳೇ ಮಿನಿಗೇ ಲಯನ್ ಹಾಕಿಬಿಡೋಣ, ಮೂವತ್ತು ಡಾಲರ್‌ನಲ್ಲಿ ಕೆಲಸ ಮುಗಿಯುತ್ತೆ ಅಂತ ನೋಡಿದರೆ, ಲಯನ್‌ಗೆ ಕನಿಷ್ಠ ಕೋರ್ 2 ಡುಯೋ ಬೇಕು. ನನ್ನದು ಬರೀ ಕೋರ್ ಡುಯೋ. ಆ ಒಂದು '2'! ಮರುದಿನವೇ ಹೋಗಿ 599 ಕೊಟ್ಟು ಹೊಸದು ತಂದೆ, ಡಿವಿಡಿಗಳ ವಿಷಯ ಎತ್ತದೆ.

ರಾತ್ರಿ ಎಂಟಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಐದೂವರೆ, ಅಪ್ಪಯ್ಯ ಎದ್ದಿರ್ತಾರೆ ಅಂತ ಗೊತ್ತು.

'ಅಪ್ಪಯ್ಯ, ಆ ಪೆಟ್ಟಿಗೇಲಿ ಕನ್ನಡ ಬಂತು. ಈ ಸಲ ಬಂದಾಗ ಇಡೀ ದಿನ ಪೇಪರ್ ಓದಬಹುದು.'

'ಹೌದಾ? ಒಳ್ಳೇದಾತು' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಇಲ್ಲಿ ಏಳು ಗಂಟೆಗೆಲ್ಲ ಪೇಪರ್ ಬರ್ತದಲ' ಅಂದರು.

ಅಮ್ಮನ ಮಂಡಿನೋವು ಜಾಸ್ತಿಯಾಗಿತ್ತು. ಅವರಿಬ್ಬರೂ ಮತ್ತೆ ಬರಲಿಲ್ಲ.

*

ಆಮೇಲಿನ ಕಥೆ ನನ್ನದಕ್ಕಿಂತ ದಾವಣಗೆರೆಯವನದ್ದು. 2012ರ ಅಕ್ಟೋಬರ್‌ನಲ್ಲಿ 799ಕ್ಕೆ ನಾಲ್ಕು ಕೋರ್‌ನ ಮಿನಿ ಬಂತು, ಮೆಮೊರಿ ನಾವೇ ಬದಲಾಯಿಸಿಕೊಳ್ಳಬಹುದಿತ್ತು. ತಗೋ ಅಂದೆ. ಕಾಯ್ತೀನಿ ಅಂದ. 2014ರ ಅಕ್ಟೋಬರ್ 16ಕ್ಕೆ ಬಂದಿದ್ದರಲ್ಲಿ ನಾಲ್ಕು ಕೋರ್ ಮಾಯ, ಎರಡೇ; ಮೆಮೊರಿ ಬೋರ್ಡಿಗೇ ಬೆಸುಗೆ. ಇಂಟೆಲ್‌ನವರ ಆ ಪೀಳಿಗೆಯ ಎರಡು ಕೋರ್‌ಗೂ ನಾಲ್ಕು ಕೋರ್‌ಗೂ ಕೂರೋ ಜಾಗ ಬೇರೆಬೇರೆ ಆಗಿದ್ದರಿಂದ ಒಂದೇ ಬೋರ್ಡಿನಲ್ಲಿ ಎರಡನ್ನೂ ಮಾಡೋದು ಆಗ್ತಿರಲಿಲ್ಲ ಅನ್ನೋದು ಕಾರಣ. ಬೆಲೆಯೇನೋ ಮತ್ತೆ 499ಕ್ಕೆ ಇಳಿದಿತ್ತು, ಆದರೆ ಅವನಿಗೆ ಬೇಕಿದ್ದಿದ್ದು ಅದಲ್ಲವಲ್ಲ. ಹಳೇ 2012ರದ್ದನ್ನೇ ಜನ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿಕೊಂಡು ಹೋಗೋ ಹಾಗಾಯ್ತು. ಇವನು ಮತ್ತೆ ಕಾಯೋಕೆ ಕೂತ. 1,475 ದಿನ! ನಡುವೆ 2017ರಲ್ಲಿ, ಮಿನಿ ನಮಗೆ ಮುಖ್ಯವೇ ಅಂತ ಟಿಮ್ ಕುಕ್ ಯಾರೋ ಗಿರಾಕಿಯ ಇ-ಮೇಲಿಗೆ ಉತ್ತರ ಬರೆದಿದ್ದೇ ಇವನಿಗೆ ಹಬ್ಬ. ಆಫೀಸಿನಿಂದಲೇ ನನಗೆ ಫೋನ್ ಮಾಡಿ ಓದಿ ಹೇಳಿದ್ದ. ನಾನು ಹೂಂ ಅಂದೆ ಅಷ್ಟೇ. ಅಪ್ಪಯ್ಯ ಹೋಗಿ ಆಗ ಮೂರು ತಿಂಗಳಾಗಿತ್ತು.

2018ರ ಅಕ್ಟೋಬರ್ 30ಕ್ಕೆ ಬ್ರೂಕ್ಲಿನ್‌ನಲ್ಲಿ, ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ, ಕಪ್ಪು ಬೂದಿ ಬಣ್ಣದ ಮಿನಿ ಹೊರಗೆ ಬಂತು. 799ರಿಂದ ಶುರು, ಅದೂ 128 ಜಿಬಿ ಡಿಸ್ಕಿಗೆ. 'ಇದಕ್ಕಾ ನಾಕು ವರ್ಷ ಕಾದಿದ್ದು' ಅಂದ. ಮೆಮೊರಿ ಮತ್ತೆ ಬದಲಾಯಿಸಬಹುದಾಗಿತ್ತು ಅನ್ನೋದನ್ನ ನಾನು ಎಷ್ಟು ಹೇಳಿದರೂ ಕೇಳಲಿಲ್ಲ. 2020ರಲ್ಲಿ ಎಮ್1 ಬಂತು, 699. ನಾನು ಬಂದ ವಾರದಲ್ಲೇ ತಗೊಂಡೆ, ಜೀವಮಾನದಲ್ಲಿ ಮೊದಲ ಸಲ. ಅವನು 16 ಜಿಬಿಗಿಂತ ಜಾಸ್ತಿ ಮೆಮೊರಿ ಸಿಗೋಲ್ಲ ಅಂದ. 2023ರಲ್ಲಿ ಎಮ್2, 599. ಡಬ್ಬಿ ಹಳೇದೇ ಅಂದ. 2024ರ ಅಕ್ಟೋಬರ್‌ನಲ್ಲಿ ಎಮ್4, ಐದೇ ಇಂಚಿನ ಚೌಕ, ಶುರುವಿಗೇ 16 ಜಿಬಿ ಮೆಮೊರಿ, 599. ಇದಕ್ಕೇನು ಹೇಳ್ತೀಯೋ ಅಂದರೆ, ಆನ್ ಮಾಡೋ ಗುಂಡಿ ತಳದಲ್ಲಿದೆ, ಎತ್ತಿ ಒತ್ತಬೇಕು ಅಂದ! ಮ್ಯಾಕನ್ನ ದಿನಾ ಯಾರು ಆಫ್ ಮಾಡ್ತಾರೆ ಮಾರಾಯ್ರೇ?

*

ಬೇಸ್‌ಮೆಂಟಿನಲ್ಲಿ ಮಿನಿ ಸಿಕ್ಕಿತು. ಹಳೇ ಸ್ವೆಟರುಗಳ ಪೆಟ್ಟಿಗೆಯಲ್ಲಿ, ಅದರ ಬಿಳೀ ಇಟ್ಟಿಗೆಯಂಥಾ ಅಡಾಪ್ಟರ್ ಜೊತೆ. ಅದರ ಕೆಳಗೆ ಒಂದು ರಟ್ಟಿನ ಫೈಲು. ಅಪ್ಪಯ್ಯನ ಪ್ರಿಂಟೌಟುಗಳು. ಒಂದನ್ನೂ ಬಿಸಾಡದೆ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಪ್ರತೀ ಹಾಳೆಯ ಅಂಚಿನಲ್ಲೂ ನೀಲಿ ಪೆನ್ನಿನಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬರೆದು ಪಕ್ಕದಲ್ಲಿ ಅಂಕಿ. ಆ ಅಂಕಿಗಳು ನನ್ನ ಹಾಳೆಯಲ್ಲಿರಲಿಲ್ಲ. ಚಿಕ್ಕಪ್ಪನಿಗೆ ಕಾಲಿಂಗ್ ಕಾರ್ಡಿನಲ್ಲಿ ಫೋನ್ ಮಾಡಿ ಕೇಳಿ ಬರೆದುಕೊಂಡಿದ್ದು. ನಾನು ಆಫೀಸಿನಲ್ಲಿದ್ದ ಹೊತ್ತಿನಲ್ಲಿ.

ಮಿನಿ ಮೇಲೆ ತಂದು ಟಿವಿಗೆ ಚುಚ್ಚಿದೆ. ಢಣ್ ಅಂತ ಹಳೇ ಸದ್ದು ಮಾಡಿಕೊಂಡು ಎದ್ದಿತು. ತಾರೀಖು ಏನೇನೋ ತೋರಿಸ್ತಿತ್ತು. ಈಗಿನ ವೆಬ್ ಪುಟ ಯಾವುದೂ ಅದಕ್ಕೆ ತೆರೆಯೋಕಾಗೋಲ್ಲ, ಆದರೆ ಡೆಸ್ಕ್‌ಟಾಪಿನ ಮೂಲೆಯಲ್ಲಿ 2008ರಲ್ಲಿ ನಾನೇ ಉಳಿಸಿಟ್ಟಿದ್ದ ಒಂದು ಕನ್ನಡದ ಪುಟ ಇತ್ತು. ಪ್ರತೀ ಅಪ್‌ಡೇಟ್ ಆದಮೇಲೆ ಅದನ್ನ ತೆಗೆದು ನೋಡ್ತಿದ್ದೆ, ಕನ್ನಡ ಬಂತಾ ಅಂತ. ತೆಗೆದೆ. ಚೌಕಗಳು, ಮೇಲಿಂದ ಕೆಳಗಿನವರೆಗೂ.

ಅದನ್ನ ಪೆನ್‌ಡ್ರೈವಿಗೆ ಹಾಕಿ ಎಮ್1ಗೆ ತಂದೆ. ಅಷ್ಟು ವರ್ಷ ತೆಗೆದೂ ತೆಗೆದೂ ಒಂದಕ್ಷರ ಓದಿರದ ಪುಟ. ಹೊಸ ಮಿನಿ ಬಂದ ದಿನವೂ ಇದರ ನೆನಪಾಗಿರಲಿಲ್ಲ. ಆಗುಂಬೆ ಕಡೆ ಜೋರು ಮಳೆ, ತುಂಗೆ ತುಂಬಿ ಹರೀತಿದೆ, ಶಾಲೆಗಳಿಗೆ ರಜಾ ಅಂತ ಸಣ್ಣ ಸುದ್ದಿ, ಎಂಟೇ ಸಾಲು.

ಸಂಜೆ ದಾವಣಗೆರೆಯವನಿಗೆ ಫೋನ್ ಮಾಡಿದೆ.

'ಏನಪಾ, ತಗಳ್ಳಾ ಬ್ಯಾಡಾ?'

'ತಗೋ' ಅಂದೆ. 'ಇವತ್ತೇ ಹೋಗಿ ತಗೋ.'

'ಮುಂದಿನ ತಿಂಗಳು ಹೊಸದು ಬಂದ್ರೆ?'

'ಬರಲಿ.'

ಸ್ವಲ್ಪ ಹೊತ್ತು ಸುಮ್ಮನಿದ್ದ. 'ನೋಡಾಣ ತಡಿ, ಇನ್ನೊಂದ್ ಹದಿನೈದು ದಿನ' ಅಂದ.